ಗುಂಡಿಯ ಮರಳು ತಗ್ಗಿದ ಮೇಲೆ ಟಿಕೆಟ್

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನಿಗೆ ಎಲ್ಲದಕ್ಕೂ ತಾರೀಕು ಬೇಕು. ಹಿತ್ತಿಲಿನ ಹಲಸು ಯಾವ ವಾರ ಹಣ್ಣಾಗುತ್ತದೆ ಎಂದು ಜನವರಿಯಲ್ಲೇ ಕೇಳುವವನು ಅವನು. ಈ ಸಲ ಕೇಳಿದ್ದು ಕಡಲಾಮೆ ಮರಿಗಳ ತಾರೀಕು. "ಮಾವ, ಫೆಬ್ರವರಿಯಲ್ಲಿ ಒಂದು ಶನಿವಾರ ಹೇಳಿ. ನಾವು ಮೂವರೂ ಬರುತ್ತೇವೆ. ಮರಿಗಳನ್ನು ಸಮುದ್ರಕ್ಕೆ ಬಿಟ್ಟು ಭಾನುವಾರ ರಾತ್ರಿಯ ರೈಲಿಗೆ ಹಿಂದಿರುಗುತ್ತೇವೆ." ಅವನ ಮಗಳು ಏನೋ ವಿಡಿಯೊ ನೋಡಿ ಹಟ ಹಿಡಿದಿದ್ದಾಳೆ. ನಾನು ಬದಿಯಡ್ಕದ ಕಡೆಯ ಅಡಿಕೆ ಕೃಷಿಕ. ಕಡಲು ನಮ್ಮ ಮನೆಯಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಆದರೆ ಬೆಂಗಳೂರಿನಿಂದ ನೋಡುವವರಿಗೆ ಕಾಸರಗೋಡಿನವರೆಲ್ಲ ಅಲೆಯ ಪಕ್ಕದಲ್ಲೇ ಮಲಗುವವರು.

ಅವನ ಮೊದಲ ಯೋಚನೆ ವೇಳಾಸ್ ಆಗಿತ್ತು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಬಾಣಕೋಟೆಯ ಹತ್ತಿರ ಇರುವ ಸಣ್ಣ ಊರು. ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಊರಿನವರನ್ನು ಕೂಡಿಸಿಕೊಂಡು 2006ರಲ್ಲಿ ಅಲ್ಲಿ ಆಮೆ ಹಬ್ಬ ಶುರುಮಾಡಿದರು. ಊಟ, ವಸತಿ ಊರಿನ ಮನೆಗಳಲ್ಲೇ. ಬೆಳಿಗ್ಗೆಯೂ ಸಂಜೆಯೂ ಜನ ಹಗ್ಗದ ಈಚೆ ನಿಂತು ಮರಿಗಳು ನೀರಿಗೆ ಇಳಿಯುವುದನ್ನು ನೋಡುತ್ತಾರೆ. ಒಳ್ಳೆಯ ಏರ್ಪಾಡು, ಮೊಟ್ಟೆ ಕದಿಯುತ್ತಿದ್ದ ಊರುಗಳಿಗೆ ಅದರಿಂದ ನಾಲ್ಕು ಕಾಸು ಬಂದದ್ದೂ ಹೌದು. ಆದರೆ ಇಲ್ಲಿಂದ ರಾತ್ರಿಯಿಡೀ ಕೊಂಕಣ ರೈಲಿನಲ್ಲಿ ಕುಳಿತು, ಇಳಿದು, ಮತ್ತೆ ಬಸ್ಸಿನಲ್ಲಿ ಘಟ್ಟದ ತಿರುವುಗಳನ್ನು ಸುತ್ತಿ ಅಲ್ಲಿ ಮುಟ್ಟುವ ಹೊತ್ತಿಗೆ ವಾರಾಂತ್ಯದ ಅರ್ಧ ಮುಗಿದಿರುತ್ತದೆ. ಇನ್ನರ್ಧ ವಾಪಸು ಬರುವುದಕ್ಕೆ.

"ಅಷ್ಟು ದೂರ ಯಾಕೆ? ಕುಂಬಳೆಯಲ್ಲಿ ಕಡಲಿಲ್ಲವೇ?" ಎಂದು ಕೇಳಿದವಳು ನನ್ನ ಹೆಂಡತಿ. ಕಡಲಿದೆ. ಆದರೆ ಮೊಟ್ಟೆಯಿಡಲು ಬರುವ ಆಮೆಗೆ ಬೇಕಾದದ್ದು ಮರಳು. ನಮ್ಮ ತೀರದುದ್ದಕ್ಕೂ ಕೊರೆತ ತಡೆಯಲೆಂದು ಎಷ್ಟೋ ಕಡೆ ಕಲ್ಲು ಸುರಿದು ಗೋಡೆ ಕಟ್ಟಿದ್ದಾರೆ. ಮೂವತ್ತೈದು, ನಲವತ್ತು ಕಿಲೋ ತೂಗುವ ಜೀವ ರಾತ್ರಿ ಹೊತ್ತು ತೆವಳಿಕೊಂಡು ಬಂದು ಆ ಕಲ್ಲಿಗೆ ಮುಖ ಕೊಟ್ಟು ಹಿಂದಿರುಗಬೇಕು, ಅಷ್ಟೆ. ಮರಳು ಉಳಿದಿರುವಲ್ಲಿ ನಾಯಿ, ನರಿ. ಅವುಗಳಿಗಿಂತ ಮೊದಲೇ ಎದ್ದು ಬರುವ ಮನುಷ್ಯರೂ ಇದ್ದರು.

ನೋಡಬೇಕಾದರೆ ಕಾವಲು ಇರುವಲ್ಲಿಗೇ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಅದು ನೀಲೇಶ್ವರದ ಪಡುವಣಕ್ಕಿರುವ ತೈಕ್ಕಡಪ್ಪುರಂ. ನೆಯ್ತಲ್ ಎಂಬ ಹೆಸರಿನ ಗುಂಪಿನವರು ಅಲ್ಲಿ ಕಡಲಾಮೆಯ ಮೊಟ್ಟೆಗಳನ್ನು ಕಾಪಾಡುತ್ತ ಬಂದಿದ್ದಾರೆ. ಮನೆಗೆ ಮೀನು ತರುವ ಹುಡುಗ ಸ್ಕೂಟರ್ ನಿಲ್ಲಿಸಿ ಹೇಳಿದ್ದೂ ಅದನ್ನೇ: "ಆಮೆ ಬೇಕಾದರೆ ನೀಲೇಶ್ವರಕ್ಕೆ ಹೋಗಿ, ಬಂಗುಡೆ ಬೇಕಾದರೆ ನಾನಿದ್ದೇನೆ."

ಮೀನು ಹುಡುಗನ ಪರಿಚಯದವರ ಪರಿಚಯದವರೊಬ್ಬರು ಆ ತೀರದಲ್ಲಿ ರಾತ್ರಿ ನಡೆಯುವವರು. ಅವರಿಗೆ ಫೋನ್ ಮಾಡಿದೆ. ನನ್ನ ಮಲಯಾಳಂ ಪೇಟೆಯಲ್ಲಿ ಅಡಿಕೆ ಮಾರಲು ಸಾಕಾಗುವಷ್ಟು. ಅವರ ಕನ್ನಡ ಯಕ್ಷಗಾನ ನೋಡಿ ಕಲಿತದ್ದಂತೆ, ನನ್ನ ಮಲಯಾಳಕ್ಕಿಂತ ಎಷ್ಟೋ ಮೇಲು. ನಾನು ತಾರೀಕು ಕೇಳಿದೆ. ಆ ಕಡೆಯಿಂದ ನಗು ಕೇಳಿಸಿತು.

"ಜನವರಿಯ ಮೊದಲ ವಾರದಲ್ಲಿ ಮೊಟ್ಟೆ ತುಂಬಿದ ಗುಂಡಿ ಒಂದಿದೆ," ಎಂದರು. "ನಲವತ್ತೈದು ದಿನಕ್ಕೂ ಒಡೆಯಬಹುದು, ಅರುವತ್ತು ದಿನವೂ ಆಗಬಹುದು. ಬಿಸಿಲು ಜೋರಿದ್ದರೆ ಬೇಗ. ಗುಂಡಿಯ ಮೇಲಿನ ಮರಳು ತಗ್ಗಿದರೆ ನಾನೇ ಕರೆಯುತ್ತೇನೆ. ಆಮೇಲೆ ನಿಮಗೆ ಒಂದು ದಿನ ಸಿಗುತ್ತದೆ, ಅದೃಷ್ಟವಿದ್ದರೆ ಎರಡು."

ಮರಳು ತಗ್ಗುವ ಈ ಸಂಗತಿ ನನಗೆ ಬಹಳ ಹಿಡಿಸಿತು. ಅವರು ಬಿಡಿಸಿ ಹೇಳಿದ್ದು ಹೀಗೆ. ನಮ್ಮ ಕಡೆಗೆ ಬರುವುದು ಆಲಿವ್ ರಿಡ್ಲಿ ಜಾತಿಯ ಆಮೆ. ಒಡಿಶಾದ ಗಹಿರ್‌ಮಾಥಾದಲ್ಲಿ, ಋಷಿಕುಲ್ಯಾದಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಏರಿ ಬರುವುದೂ ಇದೇ ಜಾತಿ. ಇಲ್ಲಿ ಮಾತ್ರ ಒಂದೊಂದಾಗಿ, ಯಾರಿಗೂ ಹೇಳದೆ ಕೇಳದೆ ಬಂದು ಹೋಗುತ್ತವೆ. ಒಂದು ಆಮೆ ಒಂದು ಸಲಕ್ಕೆ ನೂರರ ಮೇಲೆ ಮೊಟ್ಟೆ ಇಡುತ್ತದೆ, ಮರಳಿನಲ್ಲಿ ಒಂದೂವರೆ ಅಡಿ ಆಳದಲ್ಲಿ. ಕಾವಲಿನವರು ಹೆಜ್ಜೆಯ ಗುರುತು ಹಿಡಿದು ಹೋಗಿ, ಮೊಟ್ಟೆಗಳನ್ನು ತೆಗೆದು, ಬೇಲಿ ಹಾಕಿದ ಜಾಗದಲ್ಲಿ ಅಷ್ಟೇ ಆಳದ, ಬಾಯಿ ಕಿರಿದು ತಳ ಅಗಲವಾದ ಗುಂಡಿ ತೋಡಿ ಇಡುತ್ತಾರೆ. ಇಟ್ಟ ಕೆಲವೇ ಗಂಟೆಗಳೊಳಗೆ ಈ ಕೆಲಸ ಆಗಬೇಕು. ಆಮೇಲೆ ಒಳಗಿನ ಜೀವ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಗ ಮೊಟ್ಟೆ ಮಗುಚಿದರೆ ಅದು ಸತ್ತಂತೆಯೇ.

ಇದನ್ನು ಕೇಳಿದಾಗ ನನಗೆ ನಮ್ಮ ಬೀಜದಡಿಕೆಯ ಪಾತಿ ಕಣ್ಣಿಗೆ ಕಟ್ಟಿತು. ಅಲ್ಲೂ ಮರಳು, ಅಲ್ಲೂ ತೊಟ್ಟು ಮೇಲೆ ಬರುವಂತೆ ನೆಟ್ಟಗೆ ಇಡಬೇಕು, ಮೊಳಕೆ ಕಾಣಲು ಅಲ್ಲೂ ಒಂದೂವರೆ ತಿಂಗಳ ಆಸುಪಾಸು. ಅಡಿಕೆ ಬೆಳೆದವನಿಗೆ ಆಮೆಯ ಪಂಚಾಂಗ ಹೊಸದೇನಲ್ಲ. ಸಾಫ್ಟ್‌ವೇರ್‌ನವನಿಗೆ ಅದನ್ನು ತಿಳಿಸುವುದೇ ಕಷ್ಟ.

ಮೊಟ್ಟೆ ಒಡೆದ ಮರಿಗಳು ಕೂಡಲೇ ಹೊರಗೆ ಬರುವುದಿಲ್ಲ. ನೂರು ಮೊಟ್ಟೆಗಳು ತುಂಬಿದ್ದ ಜಾಗದಲ್ಲಿ ಈಗ ಮುದುಡಿದ ಚಿಪ್ಪು ಮತ್ತು ಮರಿಗಳು. ಎಲ್ಲವೂ ಸೇರಿ ಕೈಕಾಲು ಆಡಿಸುತ್ತ ಮೇಲಿನ ಮರಳನ್ನು ಕೆಳಕ್ಕೆ ಉದುರಿಸಿಕೊಂಡು, ಅದನ್ನೇ ಮೆಟ್ಟಿಕೊಂಡು ಇಂಚಿಂಚಾಗಿ ಏರುತ್ತವೆ. ಮೇಲೆ ನಿಂತವರಿಗೆ ಕಾಣುವುದು ಒಂದು ಸಣ್ಣ ತಗ್ಗು ಮಾತ್ರ. ಅಂಗೈ ಊರಿ ತೆಗೆದಷ್ಟು. ಹಗಲು ಮೇಲ್ಪದರ ಕಾದಿದ್ದರೆ ಮರಿಗಳು ಅಲ್ಲೇ ತಡೆದು ನಿಲ್ಲುತ್ತವೆ. ರಾತ್ರಿ ಮರಳು ತಣಿದ ಮೇಲೆ, ಹೆಚ್ಚಾಗಿ ಬೆಳಗಾಗುವುದರೊಳಗೆ, ಒಟ್ಟಿಗೆ ಮೇಲೆ ಬರುತ್ತವೆ. ಆ ಹೊತ್ತಿಗೆ ಅಲ್ಲಿ ಇದ್ದವನಿಗೆ ಉಂಟು, ಇಲ್ಲದವನಿಗೆ ಇಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ಉಪಾಯ ಸೂಚಿಸಿದ: "ಶುಕ್ರವಾರ ಬೆಳಿಗ್ಗೆ ಬಂದರೆ ಒಂದು ಬಕೆಟ್‌ನಲ್ಲಿ ಇಟ್ಟುಕೊಂಡಿರಲಿ ಮಾವ. ಶನಿವಾರ ಸಂಜೆ ಬಿಡೋಣ." ಎಷ್ಟೋ ಕಡೆ ಪ್ರವಾಸಿಗರಿಗಾಗಿ ಹಾಗೆ ಮಾಡುವುದೂ ಉಂಟು. ನನಗೆ ಅದು ಸರಿ ಕಾಣಲಿಲ್ಲ. ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತದೆ. ಅದೇ ಅದರ ಬುತ್ತಿ. ಹೊರಬಂದ ಕೂಡಲೇ ಮರಿಗೆ ಈಜುವ ಹುಚ್ಚು ಹಿಡಿಯುತ್ತದೆ. ಹೆಚ್ಚುಕಡಿಮೆ ಒಂದು ದಿನ ಪುರುಸೊತ್ತಿಲ್ಲದೆ ಈಜಿ, ದಡದ ಹತ್ತಿರದ ಮೀನು, ಹಕ್ಕಿಗಳ ಬಾಯಿ ತಪ್ಪಿಸಿಕೊಂಡು ಆಳದ ನೀರು ಸೇರುತ್ತದೆ. ಬಕೆಟ್‌ನಲ್ಲಿ ಹಾಕಿದರೂ ಅದು ಈಜುವುದು ನಿಲ್ಲಿಸುವುದಿಲ್ಲ. ನಾವು ರೈಲು ಇಳಿದು, ಸ್ನಾನ ಮಾಡಿ, ಚಹಾ ಕುಡಿದು ಬರುವ ಹೊತ್ತಿಗೆ ಅದರ ಬುತ್ತಿ ಪ್ಲಾಸ್ಟಿಕ್‌ಗೆ ಕೈಕಾಲು ಬಡಿದೇ ಖರ್ಚಾಗಿರುತ್ತದೆ. ಸಾವಿರ ಮರಿಗಳಲ್ಲಿ ಒಂದು ದೊಡ್ಡದಾಗುತ್ತದೆ ಎನ್ನುತ್ತಾರೆ. ಆ ಒಂದನ್ನೂ ನಮ್ಮ ಶನಿವಾರಕ್ಕೆ ಬಲಿ ಕೊಡಬೇಕೇ? ಇಷ್ಟು ಹೇಳಿದ ಮೇಲೆ ಅಳಿಯ ಸುಮ್ಮನಾದ. ಸುಮ್ಮನಾದರೆ ಒಪ್ಪಿದ ಎಂದು ಅರ್ಥ, ಅವನ ಅಮ್ಮನದೂ ಇದೇ ಸ್ವಭಾವ.

ಹಾಗಾಗಿ ಈಗಿನ ಯೋಜನೆ ಹೀಗಿದೆ. ಫೆಬ್ರವರಿ ಮೂರನೆಯ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಎರಡು ವಾರಾಂತ್ಯಗಳಿಗೆ ಅವನು ಟಿಕೆಟ್ ಮಾಡಿದ್ದಾನೆ. ರಾತ್ರಿ ಬೆಂಗಳೂರು ಬಿಟ್ಟು ಮಂಗಳೂರಿನ ಮೇಲೆ ಕಣ್ಣೂರಿಗೆ ಹೋಗುವ ರೈಲು ಬೆಳಿಗ್ಗೆ ಅವರನ್ನು ಕಾಸರಗೋಡಿನಲ್ಲಿ ಇಳಿಸುತ್ತದೆ. ಅಲ್ಲಿ ನಾವು ಸೇರಿಕೊಂಡು ನೀಲೇಶ್ವರಕ್ಕೆ ಇನ್ನೊಂದು ರೈಲು. ಮರಳು ತಗ್ಗಿದ ಕರೆ ಬಂದ ವಾರದ್ದು ಉಳಿಯುತ್ತದೆ, ಇನ್ನೊಂದು ರದ್ದು. ವಾರದ ನಡುವೆಯೇ ಕರೆ ಬಂದರೆ ಅವನು ರಜೆ ಹಾಕಬೇಕು. ಹಾಕಲಾಗದಿದ್ದರೆ ಮರಿಗಳು ಅವನಿಗಾಗಿ ಕಾಯುವುದಿಲ್ಲ. ಕಾರಿನಲ್ಲಿ ಹೋಗೋಣ ಎಂದು ಅವನು ಹೇಳಿದ್ದನ್ನು ನಾನು ಒಪ್ಪಲಿಲ್ಲ. ಹೆದ್ದಾರಿಯ ಧೂಳು ತಿನ್ನುವುದಕ್ಕಿಂತ ಚಂದ್ರಗಿರಿ ಹೊಳೆಯನ್ನು ರೈಲಿನ ಕಿಟಕಿಯಿಂದ ನೋಡಿಕೊಂಡು ಹೋಗುವುದು ಮೇಲು.

ಮೊಮ್ಮಗಳಿಗೆ ಫೋನಿನಲ್ಲೇ ಪಾಠ ನಡೆಯುತ್ತಿದೆ. ಮರಿಯನ್ನು ಕೈಯಲ್ಲಿ ಎತ್ತುವಂತಿಲ್ಲ. ಇದು ನನ್ನ ಕಾನೂನಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಕಡಲಾಮೆಯೂ ಇದೆ, ಹುಲಿ ಆನೆಗಳ ಸಾಲಿನಲ್ಲಿ. ಕಾವಲಿನವರು ನೀರಿನಿಂದ ಸ್ವಲ್ಪ ದೂರದಲ್ಲಿ ಮರಳ ಮೇಲೆ ಬಿಡುತ್ತಾರೆ, ಅಲ್ಲಿಂದ ಅವು ತಾವೇ ನಡೆಯಬೇಕು. ಹೆಣ್ಣಾಮೆಗಳು ಹತ್ತು, ಹದಿನೈದು ವರ್ಷದ ಮೇಲೆ ಮೊಟ್ಟೆಯಿಡಲು ತಾವು ಹುಟ್ಟಿದ ಕರಾವಳಿಯ ಕಡೆಗೇ ಬರುತ್ತವೆ. ಭೂಮಿಯ ಕಾಂತಕ್ಷೇತ್ರದ ಗುರುತನ್ನು ಮರಿಯಿರುವಾಗಲೇ ಹಿಡಿದಿಟ್ಟುಕೊಳ್ಳುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ. ಟಾರ್ಚ್ ಬೇಡ, ಮೊಬೈಲಿನ ಬೆಳಕೂ ಬೇಡ. ಕತ್ತಲಲ್ಲಿ ಮರಿಗಳು ಹುಡುಕುವುದು ಕಡಲ ಮೇಲಿನ ತೆಳು ಬೆಳಕನ್ನು. ಹಿಂದೆ ಬೀದಿದೀಪ ಉರಿದರೆ ಅತ್ತಲೇ ತಿರುಗಿ ರಸ್ತೆಗೆ ಬರುತ್ತವೆ. ತೀರಾ ಬೇಕಾದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಬೇಕು.

"ಅಜ್ಜ, ಅವು ಗಂಡೋ ಹೆಣ್ಣೋ?" ಎಂದು ಕೇಳಿದಳು. ಮರಿಯನ್ನು ನೋಡಿ ಹೇಳಲಾಗದು. ಆದರೆ ಅದನ್ನು ನಿರ್ಧರಿಸುವುದು ಮರಳಿನ ಬಿಸಿ. ಇಪ್ಪತ್ತೊಂಬತ್ತು, ಮೂವತ್ತು ಡಿಗ್ರಿಯ ಆಚೀಚೆ ಇದ್ದರೆ ಎರಡೂ ಹುಟ್ಟುತ್ತವೆ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಬಿಸಿಲು ಹೀಗೇ ಏರುತ್ತ ಹೋದರೆ ಗಂಡುಗಳೇ ಸಾಲದಾಗಬಹುದು. ಮೊಟ್ಟೆಯ ಗುಂಡಿಗಳಿಗೆ ಕೆಲವೆಡೆ ನೆರಳು ಕಟ್ಟುವುದು ಇದಕ್ಕೇ. ಇಷ್ಟನ್ನು ಹೇಳಿದ ಮೇಲೆ ಅವಳು ತನ್ನ ತರಗತಿಯಲ್ಲಿ ಎಲ್ಲರಿಗೂ ಹೇಳಿ, ಟೀಚರಿಗೂ ಹೇಳಿ, ಟೀಚರ್ ಅದು ನಿಜವೇ ಎಂದು ಅಳಿಯನನ್ನು ಕೇಳಿದರಂತೆ.

ನಾವು ಹೋದಾಗ ಮರಿ ಸಿಗದಿದ್ದರೆ? ಕೆಲಸಕ್ಕೇನೂ ಬರವಿಲ್ಲ ಎಂದಿದ್ದಾರೆ ಫೋನಿನವರು. ತೀರಕ್ಕೆ ಬಂದು ಬೀಳುವ ಹರಿದ ಬಲೆಯ ತುಂಡುಗಳನ್ನು ಹೆಕ್ಕಬೇಕು, ದೊಡ್ಡ ಆಮೆಗಳ ಕಾಲಿಗೆ ಸುತ್ತಿಕೊಂಡು ಉಸಿರುಗಟ್ಟಿಸುವುದು ಅವೇ. ಆಮೆಗೂ ಉಸಿರಾಡಲು ನೀರಿನ ಮೇಲೆ ಬರಲೇಬೇಕಲ್ಲ. ರಾತ್ರಿ ಅವರ ಜೊತೆ ಒಂದಷ್ಟು ದೂರ ನಡೆಯಬಹುದು. ಹೆಂಡತಿಗೆ ಇದೆಲ್ಲಕ್ಕಿಂತ ತೆಯ್ಯಂ, ಎಂದರೆ ನಮ್ಮ ಭೂತಕೋಲದಂಥ ಆ ಕಡೆಯ ದೈವದ ಕುಣಿತ, ನೋಡುವ ಆಸೆ. ನೀಲೇಶ್ವರದ ಸುತ್ತ ತುಲಾ ಮಾಸದಿಂದ ಶುರುವಾದ ಕಳಿಯಾಟ್ಟದ, ಅಂದರೆ ತೆಯ್ಯಂ ಉತ್ಸವಗಳ, ಕಾಲ ಮನ್ನಂಪುರತ್ತು ಕಾವಿನ (ಕಾವು ಎಂದರೆ ದೈವದ ಬನ) ಕಲಶದ ಹಬ್ಬದವರೆಗೆ ನಡೆಯುತ್ತದೆ. ಫೆಬ್ರವರಿಯಲ್ಲಿ ಯಾವುದಾದರೂ ಒಂದು ಕಾವಿನಲ್ಲಿ ಚೆಂಡೆಯ ಸದ್ದು ಇದ್ದೇ ಇರುತ್ತದೆ. ಮರಿಗಳು ಕೈಕೊಟ್ಟರೂ ಅವಳ ಪ್ರಯಾಣಕ್ಕೆ ನಷ್ಟವಿಲ್ಲ.

ಚೀಲಕ್ಕೆ ಹಾಕುವುದು ಹೆಚ್ಚಿಲ್ಲ. ಕಡು ಬಣ್ಣದ ಬಟ್ಟೆ, ಬೆಳಗಿನ ಜಾವದ ಗಾಳಿಗೆ ಒಂದು ಶಾಲು, ನೀರಿನ ಸ್ಟೀಲ್ ಬಾಟಲಿ, ಬಲೆ ಕತ್ತರಿಸಲು ನನ್ನ ಅಡಿಕೆ ಕೊಯ್ಲಿನ ಹಳೆಯ ಕತ್ತಿ. ರೈಲಿನಲ್ಲಿ ಕತ್ತಿ ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ಹೆಂಡತಿಗೆ ಚಿಂತೆ. ಕತ್ತರಿಯೇ ಸಾಕು ಎಂದು ಕೊನೆಗೆ ತೀರ್ಮಾನವಾಯಿತು.

ಉಳಿದಿರುವ ದೊಡ್ಡ ತೊಡಕು ನಮ್ಮ ಅಂಗಳ. ಒಣಗಲು ಹರಡಿದ ಅಡಿಕೆಯನ್ನು ನಡುನಡುವೆ ಮಗುಚಬೇಕು. ತೋಟಕ್ಕೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕೆರೆಯಲ್ಲಿ ತುಂಬುವುದನ್ನು ನೋಡಿಕೊಂಡು ಪಂಪ್ ಹಾಕಬೇಕು. ಫೆಬ್ರವರಿಯಲ್ಲಿ ನೀರು ನೂಲಿನಂತೆ ಬರುತ್ತದೆ, ಹೊತ್ತು ನೋಡದೆ ಹಾಕಿದರೆ ಪಂಪ್ ಒಣಗಿ ಸುಡುತ್ತದೆ. ಎರಡು ದಿನ ಇದನ್ನು ನೋಡಿಕೊಳ್ಳಿ ಎಂದು ಆಚೆಮನೆಯ ನಿವೃತ್ತ ಮಾಸ್ತರರನ್ನು ಕೇಳಿದೆ. ಸಂತೋಷದಿಂದ ಒಪ್ಪಿದರು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ವಿಚಾರಿಸಿದರು. ಹೇಳಿದೆ. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಬಂದು, ನಲವತ್ತು ವರ್ಷ ಮಕ್ಕಳಿಗೆ ಆಮೆ ಮೊಲದ ಕಥೆ ಹೇಳಿದವನು ಒಂದು ಸಲವಾದರೂ ಆಮೆ ಓಡುವುದನ್ನು ನೋಡಬೇಡವೇ, ನಾನೂ ಬರುತ್ತೇನೆ ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಈಗ ಅಡಿಕೆ ಮಗುಚಲು ಬೇರೆ ಯಾರಾದರೂ ಸಿಗುತ್ತಾರೆಯೇ ಎಂದು ಹುಡುಕುತ್ತಿದ್ದೇನೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಮಾತ್ರ ಈ ಸಲ ಹೇಳುವುದಿಲ್ಲ.