ಬಿಳಿ ಗೋಡೆಯ ಕೆಳಗೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೆವೆನ್ ಸಿಸ್ಟರ್ಸ್ ಅನ್ನುವ ಕಡಲಂಚಿನ ಬಂಡೆಸಾಲು ನೋಡಿ ಬಂದೆವು. ಬರ್ಲಿಂಗ್ ಗ್ಯಾಪ್ ಹತ್ತಿರ ಮೆಟ್ಟಿಲಿಳಿದರೆ ಬೀಚು. ಮರಳಿಗಿಂತ ದುಂಡನೆಯ ಚಕಮಕಿ ಕಲ್ಲೇ ಜಾಸ್ತಿ. ತೆಳು ಚಪ್ಪಲಿ ಹಾಕಿದ್ದವರ ಪಾಡು ಕೇಳಬೇಡಿ.

ತಲೆ ಎತ್ತಿದರೆ ಬೆಳ್ಳಗಿನ ಬಂಡೆಗೋಡೆ, ನಡುನಡುವೆ ಚಕಮಕಿಯ ಕಪ್ಪು ಸಾಲು. ಕೆಳಗೆ ಬಿದ್ದಿದ್ದ ಒಂದು ತುಂಡು ಎತ್ತಿಕೊಂಡೆ. ಅಂಗೈಯೆಲ್ಲ ಬಿಳಿ ಪುಡಿ, ಥೇಟ್ ಮೇಷ್ಟ್ರ ಕೈ! ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತು ಕೂತು ಆದ ಸೀಮೆಸುಣ್ಣದ ಕಲ್ಲು ಇದು. ಕಡಲು ಕಟ್ಟಿದ್ದನ್ನು ಈಗ ಕಡಲೇ ತಿನ್ನುತ್ತಿದೆ.

ಇದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಪಕ್ಕದ ಗುಡ್ಡದ ಬೆಲ್ ಟೂಟ್ ದೀಪಸ್ತಂಭ ಅಂಚಿಗೆ ಬಂದುಬಿಟ್ಟಿತು ಅಂತ 1999ರಲ್ಲಿ ಇಡೀ ಕಟ್ಟಡವನ್ನೇ ಜಾಕ್ ಕೊಟ್ಟು ಎತ್ತಿ, 17 ಮೀಟರ್ ಹಿಂದಕ್ಕೆ ಜರುಗಿಸಿದರು. ಆದರೆ ಒಂದು ವಿಷಯ ನೋಡಿ, ಕುಸಿಯುತ್ತಿರುವುದಕ್ಕೇ ಈ ಗೋಡೆ ಇಷ್ಟು ಬೆಳ್ಳಗಿದೆ. ಕುಸಿತ ನಿಂತರೆ ಹುಲ್ಲು ಹತ್ತಿ ಹಸಿರಾಗಿಬಿಡುತ್ತದೆ.

ಇಷ್ಟಾದರೂ ಮೇಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಸೆಲ್ಫಿ ತೆಗೆಯುವವರಿದ್ದಾರೆ. ಅವರಿಗೆ ಏನು ಹೇಳೋಣ ಹೇಳಿ?