ಸಾಲಿ ಕಲಿಯದ ಅವ್ವನ ನೆನಪನ್ನು ಹೇಗೆ ಅಳೆಯುತ್ತೀರಿ?

"ನಮ್ಮವ್ವ ಸಾಲಿ ಮುಖಾನೇ ನೋಡಿಲ್ರೀ. ಆಕೀಗೆ ನಿಮ್ಮ ಪರೀಕ್ಷೆ ಹೆಂಗ ಮಾಡ್ತೀರಿ?"

ಧಾರವಾಡದಲ್ಲಿ ನನ್ನ ಹತ್ತಿರ ತಾಯಿಯನ್ನು ಕರೆತರುವ ಮಕ್ಕಳು ಜಾಸ್ತಿ ಕೇಳುವ ಪ್ರಶ್ನೆ ಇದು. ಮದುವೆ ಮನೆಯಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳಿದ್ದಾರೆ. ನಾನು ನ್ಯೂರೋಸೈಕಾಲಜಿಸ್ಟ್. ಗುಳಿಗೆ ಬರೆದುಕೊಡುವುದು ನನ್ನ ಕೆಲಸ ಅಲ್ಲ. ನೆನಪು, ಗಮನ, ಮಾತು, ಲೆಕ್ಕ, ದಾರಿಯ ಗುರುತು ಇವೆಲ್ಲ ಹೇಗಿವೆ, ಎಲ್ಲಿ ತಪ್ಪುತ್ತಿವೆ ಅಂತ ನೋಡುವುದು ನನ್ನ ಕೆಲಸ. ವಯಸ್ಸಾದವರ ಮೆದುಳಿನ ಬಗ್ಗೆ ಸಂಶೋಧನೆ ಮಾಡುತ್ತಾ ಗದಗ, ಹಾವೇರಿ ಕಡೆಯ ಹಳ್ಳಿಗಳನ್ನು ಸುತ್ತಿದ್ದೇನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೆ ಬಹಳ ದಿನ ಬೇಕಾಯಿತು. ಮೊದಲು ನಾನೇ ತಪ್ಪು ಮಾಡಿದ್ದೆ.

ಕೆಲಸಕ್ಕೆ ಹೊಸಬಳಾಗಿದ್ದಾಗ ನನ್ನ ಕೈಯಲ್ಲಿ ಇದ್ದದ್ದು 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ಮತ್ತು ಜೊತೆಗಾರರು ಮಾಡಿದ ಪರೀಕ್ಷೆ. ಒಟ್ಟು 30 ಅಂಕ. 24ಕ್ಕಿಂತ ಕಡಿಮೆ ಬಂದರೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆಯ ಅನುಮಾನ ಪಡಬೇಕು ಅಂತ ರೂಢಿ. ಅದರಲ್ಲಿ 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಒಂದು ವಾಕ್ಯ ಬರೆಯಬೇಕು. ಒಂದಕ್ಕೊಂದು ಹಾಯ್ದ ಎರಡು ಐದು ಮೂಲೆಯ ಆಕಾರಗಳನ್ನು ನೋಡಿ ಹಾಗೇ ಬಿಡಿಸಬೇಕು.

ಗದಗ ಕಡೆಯ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯ ಕೈಗೆ ಪೆನ್ಸಿಲ್ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ಮುಷ್ಟಿಯಲ್ಲಿ ಹಿಡಿದರು. ಕಾಗದದ ಮೇಲೆ ಒಂದು ಗೆರೆ ಮೂಡಿತು, ಅಷ್ಟೇ. ಕೈ ನಡುಗುತ್ತಿತ್ತು. "ಇದೆಲ್ಲಾ ನನಗ ಬರಂಗಿಲ್ಲ ಯವ್ವಾ" ಅಂತ ಪೆನ್ಸಿಲ್ ಅನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಅಂಕ 17 ಬಂತು. ಡಿಮೆನ್ಶಿಯಾ ಅನುಮಾನ ಅಂತ ಬರೆದುಕೊಂಡು ಹೊರಗೆ ಬಂದೆ.

ಹೊರಗೆ ಕಟ್ಟೆಯ ಮೇಲೆ ಮಹಿಳಾ ಸಂಘದವರು ಕೂಡಿದ್ದರು. ಸ್ವಲ್ಪ ಹೊತ್ತಿಗೆ ಅದೇ ಅಜ್ಜಿ ಬಂದು ಕುಳಿತರು. ಯಾರು ಈ ವಾರದ ಹಣ ಕೊಟ್ಟಿದ್ದಾರೆ, ಯಾರದು ಎರಡು ವಾರದ್ದು ಬಾಕಿ, ಯಾರ ಸಾಲಕ್ಕೆ ಎಷ್ಟು ಬಡ್ಡಿ ಆಗಿದೆ, ಎಲ್ಲ ಬಾಯಲ್ಲೇ ಹೇಳಿದರು. ಲೆಕ್ಕ ಬರೆಯುವ ಹುಡುಗಿ ಪುಸ್ತಕ ತೆರೆದು ನೋಡಿದಳು. ಒಂದು ರೂಪಾಯಿಯೂ ಹೆಚ್ಚುಕಡಿಮೆ ಇರಲಿಲ್ಲ. ನಾನು ಬರೆದದ್ದನ್ನು ಹೊಡೆದುಹಾಕಿದೆ. ಅಂದು ನಾನು ಅಳೆದದ್ದು ಆ ಅಜ್ಜಿಯ ನೆನಪನ್ನಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗ ಅವರನ್ನು ಸಾಲಿಗೆ ಕಳಿಸಿದ್ದರೋ ಇಲ್ಲವೋ ಅನ್ನುವುದನ್ನು.

ಈ ತೊಡಕು ನನಗೊಬ್ಬಳಿಗೇ ಎದುರಾದದ್ದಲ್ಲ. ಹರಿಯಾಣದ ಬಲ್ಲಬಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಮೇರಿ ಗಂಗೂಲಿ ಮತ್ತು ಅವರ ತಂಡ 1995ರಲ್ಲೇ ಇದೇ ಪರೀಕ್ಷೆಯನ್ನು ಹಿಂದಿಗೆ ಒಗ್ಗಿಸಿತ್ತು. 'ಕಣ್ಣು ಮುಚ್ಚಿ' ಅಂತ ಬರೆದದ್ದನ್ನು ಓದಿ ಹಾಗೆ ಮಾಡುವ ಬದಲು, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಅಂತ ಕೇಳಿದರು. ವಾಕ್ಯ ಬರೆಯುವ ಬದಲು, ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ ಅಂದರು. ಎಷ್ಟು ಸರಳ ಅಲ್ವಾ? ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಒಂದು ಕಟ್ಟು ಸಿದ್ಧವಾಯಿತು. ಅದು ನಮಗೆ ದೊಡ್ಡ ಆಸರೆ.

ಆದರೆ ಕನ್ನಡ ಅಂದರೂ ಯಾವ ಕನ್ನಡ? ಚಿತ್ರ ತೋರಿಸಿ ಹೆಸರು ಕೇಳಿದಾಗ ನಮ್ಮ ಕಡೆಯವರು ಉಳ್ಳಾಗಡ್ಡಿ ಅನ್ನುತ್ತಾರೆ, ಬಟಾಟಿ ಅನ್ನುತ್ತಾರೆ, ಶೇಂಗಾ ಅನ್ನುತ್ತಾರೆ. ಉತ್ತರದ ಹಾಳೆಯಲ್ಲಿ ಈರುಳ್ಳಿ, ಆಲೂಗಡ್ಡೆ, ಕಡಲೆಕಾಯಿ ಅಂತ ಇದ್ದರೂ ಅದು ಸರಿ ಉತ್ತರವೇ. ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಇದನ್ನು ನಾನು ಮೊದಲನೇ ದಿನವೇ ಹೇಳುತ್ತೇನೆ.

ಸಾಲಿಗೆ ಹೋಗದವರ ಹತ್ತಿರ ಪೆನ್ಸಿಲ್ ತೆಗೆಯುವುದೇ ಇಲ್ಲ. ಬೆಂಕಿಕಡ್ಡಿ ಜೋಡಿಸಿ ಒಂದು ಆಕಾರ ಮಾಡುತ್ತೇನೆ, ಹಾಗೇ ಜೋಡಿಸಿ ಅನ್ನುತ್ತೇನೆ. ನೈಜೀರಿಯಾದ ಇಬಾದಾನ್‌ನಲ್ಲಿ ಅಕ್ಷರ ಬಾರದ ಹಿರಿಯರಿಗೆಂದು ಬಳಸಿದ ವಿಧಾನ ಇದು. ಇವತ್ತು ತಾರೀಖು ಎಷ್ಟು ಅಂತ ಕೇಳಿ ಸುಮ್ಮನಾಗುವುದಿಲ್ಲ. ಪಂಚಮಿ ಆಗಿ ಎಷ್ಟು ದಿನ ಆಯಿತು, ಈಗ ಯಾವ ಮಳೆ ನಡೆದಿದೆ, ಎಳ್ಳ ಅಮಾಸಿಗೆ ಚರಗ ಚೆಲ್ಲಲು ಯಾರ್ಯಾರು ಹೊಲಕ್ಕೆ ಹೋಗಿದ್ದಿರಿ ಅಂತ ಕೇಳುತ್ತೇನೆ. ಇವಕ್ಕೆ ಅಂಕ ಇಲ್ಲ. ಆದರೂ ತಾರೀಖಿಗಿಂತ ಜಾಸ್ತಿ ವಿಷಯ ಇಲ್ಲೇ ಗೊತ್ತಾಗುತ್ತದೆ.

ನೆನಪಿನ ಪರೀಕ್ಷೆಗೆ ಅಕ್ಷರ ಬೇಕಾಗಿಲ್ಲ. ಕೆಲವು ಪದ ಹೇಳುತ್ತೇನೆ, ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಿಸಿ ಮತ್ತೆ ಕೇಳುತ್ತೇನೆ. ನೆನಪಾಗದಿದ್ದರೆ ಸುಳಿವು ಕೊಡುತ್ತೇನೆ: ಅಡಿಗೆ ಮನೆಯದು ಒಂದಿತ್ತಲ್ಲ? ವಯಸ್ಸಿನಿಂದ ನೆನಪು ನಿಧಾನ ಆದವರು ಇಷ್ಟು ಹೇಳಿದರೆ ಸಾಕು, "ಹೌದ್ ಹೌದ್, ಲಟ್ಟಣಿಗಿ!" ಅನ್ನುತ್ತಾರೆ. ಪದ ಒಳಗೆ ಇತ್ತು, ಹುಡುಕಲು ತಡವಾಯಿತು ಅಷ್ಟೇ. ಡಿಮೆನ್ಶಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಝೈಮರ್ ಕಾಯಿಲೆ ಶುರುವಾದವರಿಗೆ ಸಾಮಾನ್ಯವಾಗಿ ಸುಳಿವೂ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಹೊಸ ನೆನಪನ್ನು ಕಟ್ಟಿಡುವ ಹಿಪೊಕ್ಯಾಂಪಸ್ ಅನ್ನುವ ಭಾಗ ಮೊದಲೇ ಪೆಟ್ಟು ತಿಂದಿರುತ್ತದೆ. ಪದ ಒಳಗೆ ನಿಂತೇ ಇರುವುದಿಲ್ಲ. ಕೆಲವರು ಪದ ಹೇಳಿದ್ದನ್ನೇ ಒಪ್ಪುವುದಿಲ್ಲ.

ಓದಿದವರಲ್ಲಿ ಗದಗ ಕಡೆಯ ಆ ಅಜ್ಜಿಗೆ ಆದದ್ದರ ಉಲ್ಟಾ ಆಗುತ್ತದೆ. ನಿವೃತ್ತ ಮಾಸ್ತರರೊಬ್ಬರು ಬಂದಿದ್ದರು. ಅಚ್ಚುಕಟ್ಟಾದ ಮಾತು, ಮುತ್ತಿನಂಥ ಅಕ್ಷರ, 28 ಅಂಕ. ಅವರ ಹೆಂಡತಿ ಮಾತ್ರ ಬಾಗಿಲ ಬಳಿ ನಿಂತು ಹೇಳಿದರು: "ಮೂವತ್ತು ವರ್ಷ ಮನಿ ಲೆಕ್ಕ ಬರದವರು, ಈಗ ಕರೆಂಟ್ ಬಿಲ್ ಎರಡೆರಡು ಸಲ ತುಂಬಿ ಬರ್ತಾರ್ರೀ." ಆ ಮಾತು ಕೇಳಿ ಅವರಿಗೆ ದೊಡ್ಡ ಪರೀಕ್ಷೆಗಳನ್ನು ಮಾಡಿದೆವು. ಹೆಂಡತಿಯ ಅನುಮಾನ ನಿಜವಾಗಿತ್ತು. ಓದಿನ ಬಲದಿಂದ ಮಾಸ್ತರರು ಸಣ್ಣ ಪರೀಕ್ಷೆಯನ್ನು ದಾಟಿಬಿಟ್ಟಿದ್ದರು.

ಆದ್ದರಿಂದ ನಾನು ಅವ್ವನನ್ನು ಪಕ್ಕದ ಮನೆಯವರ ಜೊತೆ ಹೋಲಿಸುವುದಿಲ್ಲ. ಅವ್ವ ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ, ಇದೇ ನನ್ನ ಮುಖ್ಯ ಪ್ರಶ್ನೆ. 1989ರಲ್ಲಿ ಆಸ್ಟ್ರೇಲಿಯಾದ ಜಾರ್ಮ್ ಇದಕ್ಕೆಂದೇ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಹತ್ತು ವರ್ಷದ ಹಿಂದಿಗಿಂತ ಈಗ ಹೇಗೆ ಅಂತ ಹತ್ತಿರದವರನ್ನು ಕೇಳುವುದು ಅದರ ರೀತಿ.

ಹಾವೇರಿ ಕಡೆಯ ಒಬ್ಬ ಸೊಸೆ ನಾನು ಕೇಳುವ ಮೊದಲೇ ಉತ್ತರ ತಂದಿದ್ದಳು. ಚೀಲದಿಂದ ಎರಡು ಕೌದಿ ತೆಗೆದು ಮೇಜಿನ ಮೇಲೆ ಹಾಸಿದಳು. ಎರಡೂ ಅತ್ತೆಯೇ ಹೊಲಿದದ್ದು. ಹಳೆಯದರಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸಾಲಿಗೆ ಸಾಲು ಒಳಗೆ ಬರುತ್ತಿತ್ತು. ಸಾಲುಗಳ ನಡುವೆ ಒಂದೇ ಅಂತರ. ಹೋದ ವರ್ಷದ್ದರಲ್ಲಿ ಒಂದು ಮೂಲೆ ಸರಿ ಇತ್ತು. ಅಲ್ಲಿಂದ ಮುಂದೆ ಸಾಲು ಓರೆಯಾಗಿ, ಮೊದಲಿನ ಹೊಲಿಗೆಯ ಮೇಲೇ ಹಾಯ್ದು, ನಡುವೆ ಒಂದು ಕಡೆ ನಿಂತುಬಿಟ್ಟಿತ್ತು. "ಕಣ್ಣು ಚಲೋ ಅದಾವ್ರೀ, ಆಪರೇಷನ್ ಆಗೇತಿ. ಆದ್ರ ಮುಂದ ಎಲ್ಲಿ ಹೊಲೀಬೇಕು ಅಂತ ತಿಳಿಯಂಗಿಲ್ಲ ಅಂತಾರ" ಅಂದಳು. ಆ ಅಜ್ಜಿ ಹಳೇ ಕೌದಿಯ ಮೇಲೆ ಬೆರಳಾಡಿಸುತ್ತಾ ಕುಳಿತಿದ್ದರು. ಅವರನ್ನು ನರರೋಗ ತಜ್ಞರ ಬಳಿ ಕಳಿಸುವಾಗ ಬರೆದ ವರದಿಯಲ್ಲಿ ಕೌದಿಯ ವಿಷಯವನ್ನೂ ಸೇರಿಸಿದೆ.

ಸಾಲಿ ಕಲಿಯದಿದ್ದರೆ ಮರೆವು ಗ್ಯಾರಂಟಿಯಾ ಅಂತಲೂ ಕೇಳುತ್ತಾರೆ. ಇಲ್ಲ. ನಮ್ಮ ದೇಶದ ದೊಡ್ಡ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಓದದವರಲ್ಲಿ ಜಾಸ್ತಿ ಅನ್ನುವುದು ನಿಜ. ಆದರೆ 2013ರಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ನೋಡಿದಾಗ, ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಮನೆಯಲ್ಲಿ ಉರ್ದುವೋ ಮರಾಠಿಯೋ ಆಡಿ, ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡುವ ಹುಬ್ಬಳ್ಳಿಯ ಹೆಂಗಸರನ್ನು ನೋಡಿದಾಗಲೆಲ್ಲ ನನಗೆ ಆ ಸಂಶೋಧನೆ ನೆನಪಾಗುತ್ತದೆ.

ಇನ್ನು ನೀವು ಬರುವಾಗ ಏನು ಮಾಡಬೇಕು ಅಂತ ಹೇಳಿಬಿಡುತ್ತೇನೆ. ಅವ್ವನ ಜೊತೆ ದಿನಾ ಇರುವವರು ಬರಲಿ, ಅದು ಸೊಸೆಯೋ ಮೊಮ್ಮಗಳೋ ಯಾರೇ ಇರಲಿ. ಊರಿಂದ ದೂರ ಇರುವ ಮಗನಿಗೆ ಎಷ್ಟೋ ವಿಷಯ ಗೊತ್ತಿರುವುದಿಲ್ಲ. ನುಂಗುವ ಗುಳಿಗೆಗಳನ್ನೆಲ್ಲ ತನ್ನಿ. ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಆಗಿದ್ದರೆ ಚೀಟಿ ತನ್ನಿ. ಇವು ಕಡಿಮೆಯಾದರೂ ಮರೆವು ಬರುತ್ತದೆ, ಸರಿಪಡಿಸಬಹುದು. ಕನ್ನಡಕ, ಕಿವಿಯ ಮಷೀನ್ ಮರೆಯಬೇಡಿ. ಕಿವಿ ಕೇಳಿಸದೆ ತಪ್ಪು ಹೇಳಿದವರನ್ನು ಮರೆಗುಳಿ ಅಂದುಕೊಂಡದ್ದನ್ನು ನಾನು ಬಹಳ ನೋಡಿದ್ದೇನೆ. ಅವರ ಕೈಕೆಲಸ ಏನಾದರೂ ಇದ್ದರೆ, ಹಳೆಯದೊಂದು ಹೊಸದೊಂದು, ಅದನ್ನೂ ತನ್ನಿ. ಬೆಳಿಗ್ಗೆ ಬನ್ನಿ, ಅವ್ವನಿಗೆ ಹೊಟ್ಟೆ ತುಂಬ ನಾಷ್ಟಾ ಮಾಡಿಸಿಕೊಂಡು ಬನ್ನಿ. ಪರೀಕ್ಷೆ ಅನ್ನುವ ಪದವನ್ನು ಮಾತ್ರ ಅವರ ಮುಂದೆ ಹೇಳಬೇಡಿ. ಮಾತಾಡಿಸುತ್ತಾರಂತೆ ಬಾ ಅಂತ ಕರೆತನ್ನಿ.