ಬ್ರಿಗ್ಗನ್‌ನ ಮರದ ಓಣಿಗಳಲ್ಲಿ

ನಾರ್ವೆಯ ಬರ್ಗನ್‌ಗೆ ಹೋದವರೆಲ್ಲ ತೆಗೆಯುವ ಫೋಟೊ ಒಂದೇ. ನೀರಿನಂಚಿಗೆ ಕೆಂಪು, ಹಳದಿ, ಬಿಳಿ ಬಣ್ಣದ ಚೂಪು ಮಾಡಿನ ಮರದ ಮನೆಗಳ ಸಾಲು. ಊರಿನ ಹಳೇ ಧಕ್ಕೆ ಬ್ರಿಗ್ಗನ್ ಇದು. ಫೋಟೊ ನಾನೂ ತೆಗೆದೆ. ಆದರೆ ನೋಡಬೇಕಾದದ್ದು ಆ ಸಾಲಿನ ಹಿಂದಿದೆ.

ಎರಡು ಮನೆಗಳ ನಡುವಿನ ಸಂದಿಗೆ ನುಗ್ಗಿದೆ. ಕಾಲಡಿ ಹಲಗೆ, ಅಕ್ಕಪಕ್ಕ ಹಲಗೆ ಗೋಡೆ. ಮಹಡಿಯ ಮೊಗಸಾಲೆಗಳು ಮುಂದಕ್ಕೆ ಚಾಚಿ ಆಕಾಶ ಬರೀ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ಜಿಟಿಜಿಟಿ ಮಳೆ, ಒದ್ದೆ ಮರದ ವಾಸನೆ. ಅಡಿಯ ದಿಮ್ಮಿಗಳು ಕೊಳೆತು ನೆಲ ಕುಸಿದಿರುವುದರಿಂದ ನೆಟ್ಟಗಿರುವ ಗೋಡೆ ಹುಡುಕಿದರೂ ಸಿಗುವುದಿಲ್ಲ. ಒಂದು ಕಡೆಯಂತೂ ಬಾಗಿಲೇ ಓರೆ, ಕಿಟಕಿ ಇನ್ನೊಂದು ಕಡೆಗೆ ಓರೆ.

ಸುಮಾರು 1360ರಿಂದ ಇದು ಹ್ಯಾನ್ಸಾ ಎಂಬ ವ್ಯಾಪಾರಿ ಒಕ್ಕೂಟದ ಜರ್ಮನ್ ವರ್ತಕರ ಠಾಣೆಯಾಗಿತ್ತು. ಉತ್ತರ ನಾರ್ವೆಯಿಂದ ಒಣಗಿದ ಕಾಡ್ ಮೀನು ಬರುತ್ತಿತ್ತು, ಬದಲಿಗೆ ಧಾನ್ಯ ಹೋಗುತ್ತಿತ್ತು. ಆ ಮೀನಿಗೆ ಉಪ್ಪೇ ಹಾಕುವುದಿಲ್ಲ, ಬರೀ ಚಳಿಗಾಳಿಗೆ ಒಣಗಿಸುತ್ತಾರೆ. ನಮ್ಮ ಕರಾವಳಿಯವರು ಕೇಳಿದರೆ ನಗಬಹುದು, ಅಲ್ವಾ? ಇಲ್ಲಿದ್ದ ಗಂಡಸರು ಮದುವೆಯಾಗುವಂತಿರಲಿಲ್ಲ. ಮನೆಯೊಳಗೆ ಬೆಂಕಿ ಹಚ್ಚುವಂತೆಯೂ ಇರಲಿಲ್ಲ, ಆ ಚಳಿಯಲ್ಲಿ! ಅಡುಗೆ, ಊಟ, ಮೈ ಕಾಯಿಸಿಕೊಳ್ಳುವುದು ಎಲ್ಲ ಹಿಂದೆ ಬೇರೆಯಾಗಿ ಕಟ್ಟಿದ ಕೋಣೆಗಳಲ್ಲಿ. ಬೆಲೆಬಾಳುವ ಸರಕಿಗೆ ಕಲ್ಲಿನ ಉಗ್ರಾಣ.

ಇಷ್ಟೆಲ್ಲ ಜೋಪಾನ ಮಾಡಿದರೂ ಬೆಂಕಿ ಬಿಡಲಿಲ್ಲ. 1702ರಲ್ಲಿ ಧಕ್ಕೆ ಪೂರ್ತಿ ಸುಟ್ಟುಹೋಯಿತು. ಹಳೇ ಜಾಗದಲ್ಲೇ, ಹಳೇ ಮಾದರಿಯಲ್ಲೇ, ಮರದಲ್ಲೇ ಮತ್ತೆ ಕಟ್ಟಿದರು! ಈಗ ಕಾಣುವುದು ಹೆಚ್ಚಾಗಿ ಆ ಮನೆಗಳು. 1754ಕ್ಕೆ ಹ್ಯಾನ್ಸಾ ಠಾಣೆ ಮುಚ್ಚಿತು. 1900ರ ಆಸುಪಾಸಿನಲ್ಲಿ ಸಾಲಿನ ಒಂದು ಭಾಗ ಕೆಡವಿ ಇಟ್ಟಿಗೆ ಕಟ್ಟಡ ಎಬ್ಬಿಸಿದರು. ಚೆನ್ನಾಗಿಯೇ ಇವೆ, ಆದರೆ ನನಗೆ ಸುಮ್ನೆ ಜಾಗ ತಿಂದಂತೆ ಕಂಡವು. 1979ರಲ್ಲಿ ಉಳಿದದ್ದು ಯುನೆಸ್ಕೊ ಪಟ್ಟಿ ಸೇರಿತು.

1955ರಲ್ಲಿ ಮತ್ತೊಂದು ಬೆಂಕಿ. ಸುಟ್ಟ ಜಾಗವನ್ನು ಅಗೆದಾಗ ರೂನ್ ಅಕ್ಷರ, ಅಂದರೆ ಉತ್ತರ ಯುರೋಪಿನ ಹಳೇ ಲಿಪಿ, ಕೊರೆದ ವಸ್ತುಗಳು ಸಿಕ್ಕವು, 600ಕ್ಕೂ ಜಾಸ್ತಿ. ರಾಜರ ಶಾಸನಗಳಲ್ಲ, ಹೆಚ್ಚಿನವು ಮರದ ಕಡ್ಡಿಗಳು. ಸರಕಿಗೆ ಕಟ್ಟುತ್ತಿದ್ದ ಹೆಸರುಚೀಟಿ, ಪ್ರಾರ್ಥನೆ, ಪ್ರೇಮದ ಮಾತು. ಒಂದರಲ್ಲಿ ಇಷ್ಟೇ ಇದೆ: 'ನೀನು ಮನೆಗೆ ಹೋಗಬೇಕಂತೆ, ಗ್ಯೂಡಾ ಹೇಳಿದಳು.' ಹಿಂಬದಿಯಲ್ಲೂ ಏನೋ ಕೊರೆದಿದೆ, ಸರಿಯಾಗಿ ಓದಲು ಬರುವುದಿಲ್ಲ. ಆಸಾಮಿ ಎಲ್ಲೋ ಕುಡಿಯುತ್ತ ಕೂತಿದ್ದ ಅಂತ ಊಹೆ.